ಜೇನುನೊಣದ ಚಳಿಗಾಲ, ನಮ್ಮೂರಿನ ಮಳೆಗಾಲ

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ಕೊಟ್ಟಿರುವ ಸಮಯ ಅರ್ಧ ಗಂಟೆ. ವಿಜ್ಞಾನದ ಮಾಷ್ಟ್ರನ ಕೈಗೆ ಮೈಕ್ ಕೊಟ್ಟರೆ ಅರ್ಧ ಗಂಟೆ ಒಂದು ಪೀರಿಯಡ್ ಆಗುತ್ತದೆ ಎಂಬ ಭಯ ಸಂಘಟಕರ ಮುಖದಲ್ಲಿ ಕಾಣುತ್ತಿದೆ. ಆದ್ದರಿಂದ ಪೀಠಿಕೆ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ಇಂದು ನಾನು ಹೇಳಲಿರುವುದು ಒಂದು ಹಳೆಯ ಸಾಲದ ಬಗ್ಗೆ.

ಬಹಳ ವರ್ಷಗಳ ಹಿಂದೆ ಏಳನೇ ತರಗತಿಯಲ್ಲಿ ಜೇನುನೊಣದ ಪಾಠ ಮಾಡುತ್ತಿದ್ದೆ. ಜೇನುನೊಣ ಚಳಿಗಾಲಕ್ಕೆಂದು ಬೇಸಿಗೆಯಲ್ಲೇ ಜೇನು ಕೂಡಿಡುತ್ತದೆ ಎಂದು ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. "ಸರ್, ನಮ್ಮೂರಿನಲ್ಲಿ ಚಳಿಗಾಲದಲ್ಲೇ ಅಲ್ಲವೇ ಹೂ ಬಿಡುವುದು? ಹಿಮ ಬೀಳುವುದಿಲ್ಲ, ಏನೂ ಇಲ್ಲ. ಮತ್ತೆ ನಮ್ಮ ನೊಣ ಯಾವ ಚಳಿಗಾಲಕ್ಕೆ ಕೂಡಿಡುತ್ತದೆ?" ಎಂದು ಕೇಳಿದ. ನನಗೆ ಉತ್ತರ ತಿಳಿದಿರಲಿಲ್ಲ. "ಅದು ಅದರ ಸ್ವಭಾವ, ಕುಳಿತುಕೋ" ಎಂದೆ. ಅವನು ಕುಳಿತ. ಪ್ರಶ್ನೆ ಮಾತ್ರ ಕುಳಿತುಕೊಳ್ಳಲಿಲ್ಲ. ಆ ಪ್ರಶ್ನೆಯ ಹಿಂದೆ ಹೋಗಿಯೇ ನಾನು ಜೇನುಪೆಟ್ಟಿಗೆ ಇಟ್ಟದ್ದು, ಕುಟುಂಬ ಕಳೆದುಕೊಂಡದ್ದು, ಮತ್ತೆ ಕಲಿತದ್ದು.

ಮೊದಲು ಪಾಠಪುಸ್ತಕದ ಚಳಿಗಾಲವನ್ನೇ ನೋಡೋಣ. ಅದು ಯುರೋಪು, ಉತ್ತರ ಅಮೆರಿಕಗಳ ಚಳಿಗಾಲ. ಅಲ್ಲಿ ಸಾಕುವ ನೊಣವನ್ನು ಶಾಸ್ತ್ರೀಯವಾಗಿ ಏಪಿಸ್ ಮೆಲ್ಲಿಫೆರಾ ಎನ್ನುತ್ತಾರೆ. ನಾವು ಇಟಾಲಿಯನ್ ಜೇನು ಎಂದು ಕರೆಯುವುದು ಇದರದ್ದೇ ಒಂದು ತಳಿಯನ್ನು. ಸೆಪ್ಟೆಂಬರ್ ಕಳೆದು ಎಲೆ ಉದುರಲು ತೊಡಗಿದಾಗ ಗೂಡಿನೊಳಗೆ ಸಿದ್ಧತೆ ಆರಂಭವಾಗುತ್ತದೆ. ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಹೆಣ್ಣುನೊಣಗಳು ಮರದ ಅಂಟನ್ನು ತಂದು ಗೂಡಿನ ಬಿರುಕು ಮುಚ್ಚುತ್ತವೆ. ಆ ನಂತರ ಗಂಡುನೊಣಗಳ ಸರದಿ. ಬೇಸಿಗೆಯೆಲ್ಲ ಕುಳಿತು ಉಂಡ ಗಂಡುಗಳನ್ನು ಕೆಲಸಗಾರ ನೊಣಗಳು ರೆಕ್ಕೆ ಹಿಡಿದು ಎಳೆದು ಬಾಗಿಲಿನಿಂದ ಹೊರಗೆ ತಳ್ಳುತ್ತವೆ, ಮರಳಿ ಬಂದರೆ ಒಳಗೆ ಬಿಡುವುದಿಲ್ಲ. ಸಂಗ್ರಹ ಸೀಮಿತವಾಗಿದೆ, ಚಳಿಗಾಲದಲ್ಲಿ ಗಂಡುನೊಣಕ್ಕೆ ಕೆಲಸವಿಲ್ಲ. (ಸಭೆಯಲ್ಲಿರುವ ಗಂಡಸರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.)

ಹೊರಗಿನ ಉಷ್ಣಾಂಶ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ನೊಣಗಳು ಎರಿಗಳ ನಡುವೆ ಒತ್ತೊತ್ತಾಗಿ ಸೇರಿ ಒಂದು ಚೆಂಡಿನ ಆಕಾರ ತಾಳುತ್ತವೆ. ಹೊರಪದರದಲ್ಲಿರುವವು ತಲೆಯನ್ನು ಒಳಕ್ಕೆ ಮಾಡಿ ಕಂಬಳಿಯಂತೆ ಬಿಗಿಯಾಗಿ ನಿಲ್ಲುತ್ತವೆ. ಒಳಗಿನವು ಸ್ವಲ್ಪ ಸಡಿಲವಾಗಿದ್ದು ಬಿಸಿ ಉತ್ಪಾದಿಸುತ್ತವೆ. ಹೇಗೆ? ಹಾರಲು ಬಳಸುವ ಎದೆಯ ಮಾಂಸಖಂಡಗಳಿಂದ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿದ ಹಾಗೆ, ರೆಕ್ಕೆಯನ್ನು ಅಲುಗಿಸದೆ ಮಾಂಸಖಂಡವನ್ನು ಮಾತ್ರ ನಡುಗಿಸುತ್ತವೆ. ಹೊರಗೆ ಶೂನ್ಯಕ್ಕಿಂತ ಹತ್ತು ಹದಿನೈದು ಡಿಗ್ರಿ ಕೆಳಗಿದ್ದರೂ ಚೆಂಡಿನ ಮಧ್ಯದಲ್ಲಿ 20 ಡಿಗ್ರಿಗಿಂತ ಹೆಚ್ಚು ಶಾಖ ಇರುತ್ತದೆ. ಮರಿಗಳಿದ್ದರೆ ಅದು 34, 35 ಡಿಗ್ರಿಗೆ ಏರಬೇಕು. ಹೊರಪದರದ ನೊಣಗಳು ಮಾತ್ರ ಸುಮಾರು 10 ಡಿಗ್ರಿಯ ಅಂಚಿನಲ್ಲೇ ಬದುಕುತ್ತವೆ. ಅದಕ್ಕಿಂತ ಕೆಳಗಿಳಿದರೆ ಮೈ ಮರಗಟ್ಟಿ ಕಾಲಿನ ಹಿಡಿತ ತಪ್ಪಿ ಕೆಳಗೆ ಬೀಳುತ್ತವೆ. ಬಿದ್ದದ್ದು ಮತ್ತೆ ಏಳುವುದು ಅಪರೂಪ.

ಈ ಚೆಂಡು ಜೇನನ್ನು ತಿನ್ನುತ್ತಾ ಎರಿಯ ಮೇಲೆ ನಿಧಾನವಾಗಿ ಮೇಲಕ್ಕೆ ಸರಿಯುತ್ತದೆ. ಒಮ್ಮೊಮ್ಮೆ ಚಳಿ ಎಷ್ಟು ತೀವ್ರವಾಗಿರುತ್ತದೆಂದರೆ ನಾಲ್ಕು ಬೆರಳಿನಷ್ಟು ದೂರದ ಎರಿಯಲ್ಲಿ ತುಂಬು ಜೇನಿದ್ದರೂ ಚೆಂಡನ್ನು ಒಡೆದು ಅಲ್ಲಿಗೆ ಹೋಗಲಾಗುವುದಿಲ್ಲ. ವಸಂತದಲ್ಲಿ ಪೆಟ್ಟಿಗೆ ತೆರೆದಾಗ ಕುಟುಂಬವೆಲ್ಲ ಹಸಿವಿನಿಂದ ಸತ್ತಿರುತ್ತದೆ, ಪಕ್ಕದಲ್ಲೇ ಜೇನು ಇರುತ್ತದೆ. ಚಳಿ ದೇಶದ ಜೇನುಸಾಕಣೆಗಾರರಿಗೆ ಇದು ಪರಿಚಿತ ದೃಶ್ಯ. ಚಳಿಗಾಲದುದ್ದಕ್ಕೂ ನೊಣಗಳು ಗೂಡಿನೊಳಗೆ ಮಲವಿಸರ್ಜನೆ ಕೂಡ ಮಾಡುವುದಿಲ್ಲ. ಎಲ್ಲೋ ಒಂದು ದಿನ ಬಿಸಿಲು ಬಿದ್ದಾಗ ಹೊರಗೆ ಹಾರಿ ಹಿಮದ ಮೇಲೆ ಹಳದಿ ಚುಕ್ಕೆಗಳನ್ನು ಬಿಟ್ಟು ಒಳಗೆ ಬರುತ್ತವೆ.

ಜೇನುನೊಣಗಳು ಚಳಿಗಾಲದಲ್ಲಿ ನಿದ್ರಾವಸ್ಥೆಗೆ ಹೋಗುತ್ತವೆ ಎಂದು ಹಿಂದೆ ಅನೇಕರು ನಂಬಿದ್ದರು. ಆ ನಂಬಿಕೆಯನ್ನು ಒಪ್ಪದವರಲ್ಲಿ ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಹ್ಯೂಬರ್ ಪ್ರಮುಖರು. 1750ರಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ದೃಷ್ಟಿ ಕಳೆದುಕೊಳ್ಳತೊಡಗಿ ಪೂರ್ಣ ಕುರುಡರಾದರು. ಫ್ರಾಂಸ್ವಾ ಬರ್ನೆನ್ಸ್ ಎಂಬ ಅವರ ಸೇವಕ ಕಣ್ಣಾದ. ಹ್ಯೂಬರ್ ಪ್ರಶ್ನೆ ಕೇಳುವುದು, ಬರ್ನೆನ್ಸ್ ನೋಡಿ ಹೇಳುವುದು, ಹ್ಯೂಬರ್ ಅದನ್ನು ಪರೀಕ್ಷಿಸಿ ಮತ್ತೊಂದು ಪ್ರಶ್ನೆ ಕೇಳುವುದು. ಪುಸ್ತಕದ ಹಾಳೆಗಳಂತೆ ಒಂದೊಂದೇ ಎರಿಯನ್ನು ಬಿಡಿಸಿ ನೋಡಬಹುದಾದ ಪೆಟ್ಟಿಗೆಯನ್ನು ಇವರು ರೂಪಿಸಿದರು. 1792ರಲ್ಲಿ ಪ್ರಕಟವಾದ ಅವರ ಗ್ರಂಥ ಇಂದಿಗೂ ಜೇನುಶಾಸ್ತ್ರದ ಅಡಿಗಲ್ಲುಗಳಲ್ಲೊಂದು. ನನಗೆ ಇದರಲ್ಲಿ ಹ್ಯೂಬರ್‌ರಷ್ಟೇ ಬರ್ನೆನ್ಸ್ ಕೂಡ ದೊಡ್ಡವನಾಗಿ ಕಾಣುತ್ತಾನೆ. ಕಂಡದ್ದನ್ನು ಕಂಡ ಹಾಗೆಯೇ, ಯಜಮಾನನಿಗೆ ಪ್ರಿಯವಾಗಲೆಂದು ಬಣ್ಣ ಹಚ್ಚದೆ ಹೇಳುವುದು ಸುಲಭದ ಕೆಲಸವಲ್ಲ.

ಇನ್ನು ನನಗೆ ಅತ್ಯಂತ ಸೋಜಿಗವಾದ ವಿಷಯ. ಬೇಸಿಗೆಯಲ್ಲಿ ಹುಟ್ಟಿದ ಕೆಲಸಗಾರ ನೊಣ ಐದಾರು ವಾರ ಬದುಕುತ್ತದೆ, ಅಷ್ಟೆ. ಹೂವಿಂದ ಹೂವಿಗೆ ಅಲೆದು ರೆಕ್ಕೆ ಹರಿದು ಸಾಯುತ್ತದೆ. ಆದರೆ ಅದೇ ರಾಣಿ ಸೆಪ್ಟೆಂಬರ್ ಹೊತ್ತಿಗೆ ಇಟ್ಟ ಮೊಟ್ಟೆಯಿಂದ ಬಂದ ನೊಣ ಐದಾರು ತಿಂಗಳು ಬದುಕಬಲ್ಲುದು! ತಾಯಿ ಒಂದೇ, ಮೊಟ್ಟೆಯೂ ಅದೇ ಬಗೆಯದು. ವ್ಯತ್ಯಾಸ ದೇಹದ ಸಂಗ್ರಹದಲ್ಲಿದೆ. ಶರತ್ಕಾಲದ ನೊಣ ಪರಾಗವನ್ನು ಚೆನ್ನಾಗಿ ತಿನ್ನುತ್ತದೆ, ಸಾಕಲು ಮರಿಗಳು ಕಡಿಮೆ ಇರುತ್ತವೆ. ಹೀಗೆ ಉಳಿದ ಪೋಷಕಾಂಶ ಹೊಟ್ಟೆಯ ಕೊಬ್ಬಿನ ಪದರದಲ್ಲಿ ಶೇಖರವಾಗುತ್ತದೆ. ವಿಟೆಲ್ಲೊಜೆನಿನ್ ಎಂಬ ಪ್ರೋಟೀನ್ ಇದರಲ್ಲಿ ಮುಖ್ಯ. ವಸಂತದ ಹೊಸ್ತಿಲಲ್ಲಿ ರಾಣಿ ಮತ್ತೆ ಮೊಟ್ಟೆ ಇಟ್ಟಾಗ ಹೊರಗೆ ಹೂವಿರುವುದಿಲ್ಲ. ಆಗ ಈ ಮುದಿನೊಣಗಳು ತಮ್ಮ ಮೈಯಲ್ಲಿ ಕೂಡಿಟ್ಟದ್ದನ್ನೇ ಕರಗಿಸಿ ಮೊದಲ ಮರಿಗಳಿಗೆ ಉಣಿಸುತ್ತವೆ.

ಸ್ವಲ್ಪ ಯೋಚಿಸಿ. ಜೂನ್, ಜುಲೈಯಲ್ಲಿ ಜೇನು ತಂದ ನೊಣ ಚಳಿಗಾಲವನ್ನು ನೋಡಲೇ ಇಲ್ಲ. ಅದನ್ನು ತಿಂದು ಚಳಿ ಕಾಯ್ದ ನೊಣ ಆ ಹೂಗಳನ್ನು ನೋಡಿರಲಿಲ್ಲ.

ಎಷ್ಟು ಜೇನು ಬೇಕು? ಚಳಿ ದೇಶದಲ್ಲಿ ಒಂದು ಕುಟುಂಬಕ್ಕೆ 20ರಿಂದ 30 ಕಿಲೋ, ಕೆಲವೆಡೆ ಇನ್ನೂ ಹೆಚ್ಚು. ವಿದ್ಯಾರ್ಥಿಗಳೇ, ಈಗ ಪೆನ್ನು ತೆಗೆಯಿರಿ. ನೂರು ಗ್ರಾಂ ಜೇನಿನಲ್ಲಿ ಸುಮಾರು 300 ಕಿಲೋಕ್ಯಾಲೊರಿ ಇದೆ. 20 ಕಿಲೋಗೆ 60,000 ಕಿಲೋಕ್ಯಾಲೊರಿ. ಒಂದು ಕಿಲೋಕ್ಯಾಲೊರಿ ಎಂದರೆ ಸುಮಾರು 4,200 ಜೂಲ್. ಗುಣಿಸಿದರೆ 25 ಕೋಟಿ ಜೂಲ್ ದಾಟುತ್ತದೆ. ಆರು ತಿಂಗಳಿನ 180 ದಿನಗಳಲ್ಲಿ 1 ಕೋಟಿ 55 ಲಕ್ಷ ಸೆಕೆಂಡುಗಳಿವೆ. ಭಾಗಿಸಿ. ಸುಮಾರು 16 ವಾಟ್ ಬರುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ಉರಿಸುತ್ತಿದ್ದ ಹಳೆಯ ಜೀರೋ ಬಲ್ಬ್ ನೆನಪಿದೆಯೇ? ಹೆಸರು ಜೀರೋ ಆದರೂ ಅದು 15 ವಾಟ್ ವಿದ್ಯುತ್ ನುಂಗುತ್ತಿತ್ತು. ಹತ್ತು ಹದಿನೈದು ಸಾವಿರ ನೊಣಗಳು ಸೇರಿ ಅರ್ಧ ವರ್ಷ ಕಾಲ ಒಂದು ಜೀರೋ ಬಲ್ಬ್ ಆರದಂತೆ ನೋಡಿಕೊಳ್ಳುತ್ತವೆ. ಅಷ್ಟೇ ಅವುಗಳ ಚಳಿಗಾಲ.

ಹಿಮದ ಚಳಿಗಾಲ ನಮ್ಮ ದೇಶದಲ್ಲೂ ಇದೆ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡು ಚಳಿಯನ್ನು 'ಚಿಲ್ಲೈ ಕಲಾನ್' ಎನ್ನುತ್ತಾರೆ. ಅಲ್ಲಿನ ಹಳೆಯ ಮನೆಗಳಲ್ಲಿ ಗೋಡೆಯನ್ನು ಕಟ್ಟುವಾಗಲೇ ಜೇನಿಗೆಂದು ಮಣ್ಣಿನ ಕೊಳವೆಯಂಥ ಗೂಡುಗಳನ್ನು ಸೇರಿಸುತ್ತಿದ್ದರು. ನೊಣದ ಬಾಗಿಲು ಹೊರಗೆ, ಜೇನು ತೆಗೆಯುವ ಮುಚ್ಚಳ ಮನೆಯೊಳಗೆ. 1820ರ ದಶಕದಲ್ಲಿ ಅಲ್ಲಿಗೆ ಹೋಗಿದ್ದ ಪ್ರವಾಸಿ ವಿಲಿಯಂ ಮೂರ್‌ಕ್ರಾಫ್ಟ್ ಇದನ್ನು ಬಣ್ಣಿಸಿದ್ದಾನೆ. ಮನೆಯವರು ಚಳಿ ಕಾಯಿಸಿಕೊಳ್ಳುವ ಬೆಂಕಿಯ ಬೆಚ್ಚಗೆ ಗೋಡೆಯೊಳಗಿನ ನೊಣಗಳಿಗೂ ತಲುಪುತ್ತಿತ್ತು. ಆ ನೊಣ ಮೆಲ್ಲಿಫೆರಾ ಅಲ್ಲ, ನಮ್ಮ ತುಡುವೆಯ ಬಂಧು ಏಪಿಸ್ ಸೆರಾನಾ. ಇಂದು ಕಣಿವೆಯ ಅನೇಕ ಸಾಕಣೆಗಾರರು ಮೆಲ್ಲಿಫೆರಾ ಪೆಟ್ಟಿಗೆಗಳನ್ನು ನವೆಂಬರ್ ಹೊತ್ತಿಗೆ ಲಾರಿಗಳಿಗೆ ಹೇರಿ ಪಂಜಾಬ್, ರಾಜಸ್ಥಾನದ ಸಾಸಿವೆ ಹೊಲಗಳಿಗೆ ಕೊಂಡೊಯ್ಯುತ್ತಾರೆ, ವಸಂತದಲ್ಲಿ ಮರಳುತ್ತಾರೆ. ಗೋಡೆಯ ಕಾಲ ಹೋಗಿ ಲಾರಿಯ ಕಾಲ ಬಂತು.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಮ್ಮ ದಕ್ಷಿಣ ಕನ್ನಡದಲ್ಲಿ ಡಿಸೆಂಬರ್ ಎಂದರೆ ಬೆಳಿಗ್ಗೆ ಒಂದು ತೆಳು ಶಾಲು. ಅಕ್ಟೋಬರ್ ಕಳೆದು ಬಿಸಿಲು ಬಿದ್ದೊಡನೆ ತುಡುವೆ ಚುರುಕಾಗುತ್ತದೆ. ಕುಟುಂಬ ದೊಡ್ಡದಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಪಾಲಾಗುತ್ತದೆ, ಹಳೆಯ ರಾಣಿ ಅರ್ಧ ಸಂಸಾರದೊಡನೆ ಹೊಸ ಮನೆ ಹುಡುಕಿ ಹೊರಡುತ್ತದೆ. ಜನವರಿಯಿಂದ ಏಪ್ರಿಲ್ ವರೆಗೆ ಸುಗ್ಗಿ. ರಬ್ಬರ್ ಮರ ಎಲೆ ಉದುರಿಸಿ ಚಿಗುರುವಾಗ ಎಲೆತೊಟ್ಟಿನ ಬಳಿಯೇ ಮಕರಂದ ಸ್ರವಿಸುತ್ತದೆ, ಹೂವೇ ಬೇಕಾಗಿಲ್ಲ. ಅದಕ್ಕೆಂದೇ ಪೆಟ್ಟಿಗೆಗಳನ್ನು ರಬ್ಬರ್ ತೋಟಗಳಿಗೆ ಒಯ್ಯುವವರಿದ್ದಾರೆ. ಹೆಜ್ಜೇನು ಕೂಡ ಮಳೆ ಮುಗಿದ ಮೇಲೆ ಬಯಲುಸೀಮೆಗೆ ಬರುತ್ತದೆ, ಮುಂಗಾರಿನ ಹೊತ್ತಿಗೆ ಮರ ಖಾಲಿ ಮಾಡುತ್ತದೆ. ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಜೋತುಬಿದ್ದಿರುವ ಗೂಡುಗಳನ್ನು ನೋಡಿದವರಿಗೆ ಇದು ಗೊತ್ತು.

ಹಾಗಾದರೆ ತುಡುವೆಗೆ ಕಷ್ಟಕಾಲ ಯಾವುದು? ಜೂನ್ ತಿಂಗಳಿನಿಂದ ಸೆಪ್ಟೆಂಬರ್ ವರೆಗೆ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚಿನ ಮಳೆಯಲ್ಲಿ ಬಹುಪಾಲು ಸುರಿಯುವುದು ಈ ನಾಲ್ಕು ತಿಂಗಳಲ್ಲೇ. ಹೂವಿದ್ದರೂ ಮಕರಂದ ತೊಳೆದುಹೋಗುತ್ತದೆ. ತೆಂಗಿನ ಹೂ ಇರುತ್ತದೆ, ಹಾರಲು ಹೊಳವು ಇರುವುದಿಲ್ಲ. ಹೊರಗೆ ಹಿಮ ಇಲ್ಲದಿದ್ದರೇನು, ಒಳಗೆ ಮರಿಗಳಿಗೆ ಅದೇ 34, 35 ಡಿಗ್ರಿ ಬೇಕು. ಥಂಡಿ ಹಿಡಿದ ಆಟಿ ತಿಂಗಳ ರಾತ್ರಿ ತುಡುವೆಯೂ ಎದೆ ನಡುಗಿಸಿ ಮರಿಗೆ ಶಾಖ ಕೊಡುತ್ತದೆ. ಹುಡುಗಾ, ನೀನು ಈಗ ಎಲ್ಲಿದ್ದೀಯೋ ನನಗೆ ತಿಳಿಯದು. ನಿನ್ನ ಪ್ರಶ್ನೆಗೆ ಉತ್ತರ ಇದು. ನಮ್ಮ ನೊಣದ ಚಳಿಗಾಲ ಮಳೆಗಾಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಮೊದಲ ಪೆಟ್ಟಿಗೆಯಲ್ಲಿ ಆ ವರ್ಷ ಸೊಗಸಾದ ಜೇನು ಬಂದಿತ್ತು. ಮೇ ತಿಂಗಳ ಕೊನೆಯಲ್ಲಿ ಮೇಲಿನ ಜೇನುಕೋಣೆಯ ಎಲ್ಲ ಚೌಕಟ್ಟುಗಳನ್ನೂ ತೆಗೆದೆ. ಸಾಲದೆಂದು ಕೆಳಗಿನ ಸಂಸಾರ ಕೋಣೆಯ ಅಂಚಿನಲ್ಲಿದ್ದ ಎರಿಯ ಜೇನನ್ನೂ ಹಿಂಡಿದೆ. ಬಾಟಲಿಗಳಲ್ಲಿ ತುಂಬಿ ನೆಂಟರಿಗೆ ಹಂಚಿದೆ, ಸಹೋದ್ಯೋಗಿಗಳಿಗೆ ಮಾರಿದೆ. ಮಳೆ ಹಿಡಿಯಿತು. ಶಾಲೆ ಶುರುವಾಯಿತು. ಜುಲೈಯಲ್ಲಿ ಒಂದು ಭಾನುವಾರ ಮಳೆ ನಿಂತಾಗ ಪೆಟ್ಟಿಗೆ ಮುಚ್ಚಳ ತೆಗೆದರೆ ಒಂದು ನೊಣವೂ ಇಲ್ಲ. ಖಾಲಿ ಎರಿಗಳ ಮೇಲೆ ಮೇಣದ ಹುಳು ಬಲೆ ಕಟ್ಟಿತ್ತು, ಇರುವೆಗಳು ಸಾಲುಹಿಡಿದಿದ್ದವು. ಮೆಲ್ಲಿಫೆರಾ ಆದರೆ ಇದ್ದಲ್ಲೇ ಹಸಿದು ಸಾಯುತ್ತಿತ್ತೋ ಏನೋ. ತುಡುವೆಯ ರೀತಿ ಬೇರೆ. ಸಂಗ್ರಹ ಮುಗಿಯಿತೆಂದರೆ ಅದು ಮನೆ ಬಿಟ್ಟು ಹೊರಡುತ್ತದೆ. ಆ ಜಡಿಮಳೆಯಲ್ಲಿ ಎಲ್ಲಿಗೆ ಹೋಯಿತೋ.

ನಮ್ಮ ಊರಿನಲ್ಲಿ ಹತ್ತಾರು ಪೆಟ್ಟಿಗೆ ಇಟ್ಟಿದ್ದ ಒಬ್ಬ ಹಿರಿಯ ಕೃಷಿಕರಿದ್ದರು. ಅವರಲ್ಲಿ ಹೋಗಿ ಬೇಸರ ತೋಡಿಕೊಂಡೆ. ಅವರು ಎಲೆ ಅಡಿಕೆ ಜಗಿಯುತ್ತಾ ಎಲ್ಲ ಕೇಳಿಸಿಕೊಂಡು, "ಮಾಷ್ಟ್ರೇ, ನೀವು ತೆಗೆದದ್ದು ಜೇನಲ್ಲ, ಅವುಗಳ ಮಳೆಗಾಲದ ಅಕ್ಕಿಮುಡಿ. ಒಂದು ಮುಡಿಯಾದರೂ ಅಟ್ಟದಲ್ಲಿ ಬಿಡಬೇಡವೇ?" ಎಂದರು. ಬಡತನದಲ್ಲಿ ಆಟಿ ತಿಂಗಳು ಹೇಗಿತ್ತೆಂದು ಗೊತ್ತಿರುವ ನನ್ನ ತಲೆಮಾರಿಗೆ ಆ ಮಾತು ಎಲ್ಲಿ ತಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ನನ್ನ ಉಮ್ಮ ಮಳೆಗಾಲಕ್ಕೆಂದು ಮಾಡಿಟ್ಟ ಹಲಸಿನ ಹಪ್ಪಳವನ್ನು ಮೇ ತಿಂಗಳಲ್ಲಿ ಕದ್ದು ತಿಂದು ಪೆಟ್ಟು ತಿಂದವನು ನಾನು.

ಮರುವರ್ಷ ಆ ಹಿರಿಯರೇ ಒಂದು ಕುಟುಂಬ ಕೊಟ್ಟರು. ಸಂಸಾರ ಕೋಣೆಯ ಜೇನನ್ನು ಮುಟ್ಟಬಾರದು. ಮೇ ತಿಂಗಳಲ್ಲಿ ಕೊನೆಯ ಕೊಯ್ಲಿಗೆ ಆಸೆ ಪಡಬಾರದು. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಸಮಪಾಲು ಸಕ್ಕರೆ, ನೀರು ಸೇರಿಸಿದ ಪಾಕವನ್ನು ಸಂಜೆ ಹೊತ್ತು ಇಡಬೇಕು. ಹಗಲು ಇಟ್ಟರೆ ಪಕ್ಕದ ಪೆಟ್ಟಿಗೆಯ ನೊಣಗಳು ಲೂಟಿಗೆ ಬರುತ್ತವೆ. ನೊಣಗಳು ಕಡಿಮೆಯಾದಂತೆ ಖಾಲಿ ಎರಿಗಳನ್ನು ತೆಗೆದುಬಿಡಬೇಕು, ಕಾಯಲಾಗದ ಎರಿಗೇ ಹುಳು ಬೀಳುವುದು. ಪೆಟ್ಟಿಗೆಯ ಕಾಲಿನ ಬುಡದಲ್ಲಿ ಇರುವೆಗೆ ನೀರಿನ ಬಟ್ಟಲು. ಇವನ್ನೆಲ್ಲ ಅವರು ಒಂದೇ ಉಸಿರಿಗೆ ಹೇಳಲಿಲ್ಲ. ಒಂದೊಂದು ತಪ್ಪಿಗೆ ಒಂದೊಂದು ಮಾತು ಹೇಳಿದರು.

ಅವರಿಗೂ ಕಷ್ಟ ಬಾರದೆ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಥಾಯಿ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗಳಿಗೆ ಬಡಿಯಿತು. ಮರಿಗಳು ಚೀಲದಂತಾಗಿ ಎರಿಯಲ್ಲೇ ಸತ್ತವು. ಕೇರಳ, ಕೊಡಗು, ನಮ್ಮ ಜಿಲ್ಲೆಗಳಲ್ಲಿ ಸಾಕಿದ ಕುಟುಂಬಗಳ ಬಹುಪಾಲು ನಾಶವಾಯಿತು. ಜೇನನ್ನೇ ನಂಬಿದ್ದ ಮನೆಗಳು ಪೆಟ್ಟಿಗೆಗಳನ್ನು ಒಲೆಗೆ ಹಾಕಿದವು. ಬದುಕುಳಿದ ಕೆಲವೇ ಕುಟುಂಬಗಳಿಂದ ನಿಧಾನವಾಗಿ ಮತ್ತೆ ಸಂತತಿ ಬೆಳೆಯಿತು.

ಹೊರದೇಶಗಳಲ್ಲಿ ದೊಡ್ಡ ಶತ್ರು ವರೋವಾ ಎಂಬ ಕೆಂಪು ನುಸಿ. ಮೂಲತಃ ಇದು ಏಷ್ಯಾದ ಸೆರಾನಾ ನೊಣದ ಮೇಲಿದ್ದದ್ದು, ಇವೆರಡಕ್ಕೂ ಒಂದು ಬಗೆಯ ಹೊಂದಾಣಿಕೆ ಆಗಿತ್ತು. ಮನುಷ್ಯ ಮೆಲ್ಲಿಫೆರಾವನ್ನು ಏಷ್ಯಾಕ್ಕೆ ತಂದು ಪಕ್ಕದಲ್ಲಿಟ್ಟ, ನುಸಿ ದಾಟಿತು. 1987ರಲ್ಲಿ ಅಮೆರಿಕದಲ್ಲಿ, 1992ರಲ್ಲಿ ಇಂಗ್ಲೆಂಡಿನಲ್ಲಿ ಕಂಡಿತು. ಬಹಳ ಕಾಲ ತಪ್ಪಿಸಿಕೊಂಡಿದ್ದ ಆಸ್ಟ್ರೇಲಿಯಾದಲ್ಲೂ 2022ರಲ್ಲಿ ಬೇರೂರಿತು. ಇದು ನೊಣದ ರಕ್ತ ಹೀರುತ್ತದೆ ಎಂದೇ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಮುಖ್ಯವಾಗಿ ತಿನ್ನುವುದು ಆ ಕೊಬ್ಬಿನ ಪದರವನ್ನು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಚಳಿಗಾಲದ ನೊಣ ಯಾವುದನ್ನು ಕೂಡಿಟ್ಟು ಆರು ತಿಂಗಳು ಬದುಕಬೇಕೋ ಅದನ್ನೇ! ಹೊರಗೆ ಆರೋಗ್ಯವಾಗಿ ಕಾಣುವ ಕುಟುಂಬ ಜನವರಿಯಲ್ಲಿ ಕುಸಿಯುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಹಾಗಾಗಿ ಅಲ್ಲಿನ ಸಾಕಣೆಗಾರರಿಗೆ ಚಳಿಗಾಲದ ಕೆಲಸ ಆಗಸ್ಟ್‌ನಲ್ಲೇ ಶುರುವಾಗುತ್ತದೆ.

ಚಳಿ ತಡವಾದರೂ ತೊಂದರೆಯೇ. ಶರತ್ಕಾಲ ಬೆಚ್ಚಗೆ ಉಳಿದರೆ ನೊಣಗಳು ಹೂವಿಲ್ಲದ ಬಯಲಿನಲ್ಲಿ ಹಾರಾಡಿ ಆಯುಸ್ಸು ಸವೆಸುತ್ತವೆ. ರಾಣಿ ಮೊಟ್ಟೆ ನಿಲ್ಲಿಸುವುದಿಲ್ಲ, ಮರಿಗಳೊಡನೆ ನುಸಿಯೂ ಹೆಚ್ಚುತ್ತದೆ. ನಮ್ಮಲ್ಲಿ ಅದರ ತಿರುವುಮುರುವು. ಡಿಸೆಂಬರ್‌ನಲ್ಲಿ ಅಕಾಲ ಮಳೆ ಬಂದರೆ ಪಾಲಾಗಿ ಹೊಸ ಗೂಡು ಕಟ್ಟುತ್ತಿರುವ ತುಡುವೆ ಬರಿಗೈಯಲ್ಲಿ ಉಳಿಯುತ್ತದೆ. ಗೇರು, ಮಾವಿನ ಹೂ ಕರಗಿದ್ದಕ್ಕೆ ನಾವು ಮರುಗುತ್ತೇವೆ. ಅದೇ ಹೂವನ್ನು ನಂಬಿದ್ದ ಇನ್ನೊಬ್ಬರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಜೇನುನೊಣ ನಮಗೆ ಅಪರಿಚಿತವಲ್ಲ. ಪವಿತ್ರ ಕುರ್‌ಆನಿನ ಹದಿನಾರನೇ ಅಧ್ಯಾಯಕ್ಕೆ ಅದರದ್ದೇ ಹೆಸರಿದೆ, ಮದ್ರಸದ ಪುಟ್ಟ ಮಕ್ಕಳಿಗೂ ಗೊತ್ತು. ನಮ್ಮ ಮನೆಗಳಲ್ಲಿ ಕೆಮ್ಮಿಗೆ, ನೆಗಡಿಗೆ ಮೊದಲು ನೆನಪಾಗುವುದು ಜೇನಿನ ಬಾಟಲಿ. (ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೊಡಬೇಡಿ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಎಳೆಯ ಕರುಳಿನಲ್ಲಿ ಬೆಳೆದು ಅಪಾಯ ತರಬಲ್ಲುದು. ಅಜ್ಜಿಯಂದಿರು ನನ್ನನ್ನು ಕ್ಷಮಿಸಲಿ.) ಆದರೆ ಬಾಟಲಿಯ ಆಚೆಗೆ ನೊಣವನ್ನು ನೋಡಿದ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ? ಜೀವಶಾಸ್ತ್ರದಲ್ಲಿ ತೊಂಬತ್ತು ಅಂಕ ತೆಗೆದ ಹುಡುಗಿಯೊಬ್ಬಳು ತುಡುವೆಗೂ ಕಡಜಕ್ಕೂ ವ್ಯತ್ಯಾಸ ತಿಳಿಯದೆ ನನ್ನ ಹಿತ್ತಿಲಿನಿಂದ ಓಡಿಹೋದಳು. ತಪ್ಪು ಅವಳದ್ದಲ್ಲ. "ಕುಳಿತುಕೋ" ಎಂದ ನನ್ನಂಥವರದ್ದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಒಂದೇ ಮಾತು. ನನ್ನ ಪೆಟ್ಟಿಗೆಗಳಲ್ಲಿ ಒಂದು ಈ ವಾರವೋ ಬರುವ ವಾರವೋ ಪಾಲಾಗಲಿದೆ, ರಾಣಿಯ ಹೊಸ ಕೋಶಗಳು ಎರಿಯ ಕೆಳ ಅಂಚಿನಲ್ಲಿ ಜೋತುಬಿದ್ದಿವೆ. ಪಾಲಾದ ಕುಟುಂಬವನ್ನು ಸಂಘದ ಹಾಸ್ಟೆಲಿನ ಹಿಂದಿನ ಗೇರುಮರದ ಅಡಿಯಲ್ಲಿ ಇಡಲು ಆಡಳಿತ ಸಮಿತಿ ಒಪ್ಪಿದರೆ ಪೆಟ್ಟಿಗೆಯನ್ನೂ ಸ್ಟ್ಯಾಂಡನ್ನೂ ನಾನು ತರುತ್ತೇನೆ. ನೀರು ತುಂಬಿಸಿಡಲು ನಾಲ್ಕು ಬಟ್ಟಲು ಹಾಸ್ಟೆಲಿನ ಅಡುಗೆಮನೆಯಿಂದ ಬರಲಿ. ಜೂನ್ ತಿಂಗಳಿನಿಂದ ಪ್ರತಿ ಗುರುವಾರ ಸಂಜೆ ಸಕ್ಕರೆ ಪಾಕ ಇಡುವವರು ಯಾರು ಎಂದು ಈಗಲೇ ಹೆಸರು ಕೊಡಿ, ನಾನು ಬರೆದುಕೊಂಡು ಹೋಗುತ್ತೇನೆ.